ಮದ್ದಿಲ್ಲದ ಸೂಜಿಗೆ ಮಂಚದ ಪಥ್ಯ

ಕಾಯಿಲೆಯವರನ್ನು ನೋಡಲು ಬರುವವರಿಗೆ ನಮ್ಮ ಕಡೆ ಒಂದು ಹಕ್ಕಿದೆ. ಅವರು ಬಂದಾಗ ಕಾಯಿಲೆಯವರು ಮಲಗಿರಬೇಕು. ಕೂತಿದ್ದರೆ ಅರ್ಧ ಮರ್ಯಾದೆ, ನಿಂತಿದ್ದರೆ ಅದೂ ಇಲ್ಲ. ಬಸ್ಸು ಬದಲಾಯಿಸಿ, ಬನ್ನು ಬಾಳೆಹಣ್ಣು ಹಿಡಿದುಕೊಂಡು ಬಂದವರೆದುರು ರೋಗಿ ಆರಾಮಾಗಿ ಓಡಾಡಿಕೊಂಡಿದ್ದರೆ ಅವರ ಮುಖ ಸಪ್ಪಗಾಗುತ್ತದೆ. ಈ ಮರ್ಯಾದೆಯ ದೆಸೆಯಿಂದ ನಾನು ನನ್ನ ಕೆಲಸವನ್ನೇ ಕಳೆದುಕೊಳ್ಳುತ್ತಿದ್ದೆ.

ನಾನು ಲೇಡಿ ಬಸ್ ಕಂಡಕ್ಟರ್. ನಂಜನಗೂಡಿಂದ ಟಿ. ನರಸೀಪುರ, ನರಸೀಪುರದಿಂದ ನಂಜನಗೂಡು, ಇಷ್ಟೇ ನನ್ನ ಪ್ರಪಂಚ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಬಸ್ಸಿನಲ್ಲಿ ಎರಡು ಪಾದ ಊರಲು ಜಾಗ ಸಿಕ್ಕಿದರೆ ಪುಣ್ಯ. ಕಂಬಿಗೆ ಸೊಂಟ ಕೊಟ್ಟು, ಬಲಗಾಲಿನ ಮೇಲೆ ಭಾರ ಹಾಕಿ ನಿಂತು ನಿಂತು ಆ ಕಾಲಿನ ಮೀನಖಂಡ ಕಲ್ಲಾಯಿತು. ಹಿಮ್ಮಡಿ ಊರಿದರೆ ಜೀವ ಹೋಗುವ ನೋವು. ಫುಟ್‌ಬೋರ್ಡ್ ಹತ್ತಲು ಪ್ರಯಾಣಿಕರೇ ನನ್ನ ಕೈಹಿಡಿದು ಎಳೆಯುವಂತಾದಾಗ ಡಿಪೋ ಸಾಹೇಬರು ಕರೆದು ರಜೆ ಕೊಟ್ಟರು. ಸೋಮವಾರಕ್ಕೆ ಕಾಲು ಸರಿಹೋದರೆ ಸರಿ, ಇಲ್ಲದಿದ್ದರೆ ಲೈನು ಬೇರೆಯವರಿಗೆ ಕೊಟ್ಟು ನನ್ನನ್ನು ಡಿಪೋದ ಒಳಗೆ ಕುರ್ಚಿ ಕೆಲಸಕ್ಕೆ ಹಾಕುವುದಾಗಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಕುರ್ಚಿಗೆ ಹೋದವರು ಮತ್ತೆ ಲೈನಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಕಿಟಕಿಯಿಲ್ಲದ ಆ ಕೋಣೆ ನೆನೆಸಿಕೊಂಡೇ ನನಗೆ ಅಳು ಬಂತು.

ಬುಧವಾರ ನಂಜನಗೂಡಿನ ಒಬ್ಬ ಫಿಸಿಯೋಥೆರಪಿ ಡಾಕ್ಟರಮ್ಮನ ಹತ್ತಿರ ಹೋದೆ. ಜೊತೆಗೆ ನಮ್ಮತ್ತೆ ಬಂದರು, ಬೇಡವೆಂದರೂ ಬಂದರು. ಡಾಕ್ಟರಮ್ಮ ಹೆಬ್ಬೆರಳಲ್ಲಿ ಮೀನಖಂಡ ತಡಕಿ, ಬಿಗಿದುಕೊಂಡ ಜಾಗ ಹಿಡಿದು, ಇದಕ್ಕೆ ಡ್ರೈ ನೀಡ್ಲಿಂಗ್ ಮಾಡುತ್ತೇನೆ ಅಂದರು. ಸೂಜಿ ಕೂದಲಿನಷ್ಟು ಸಣ್ಣ, ಅದರಲ್ಲಿ ಮದ್ದು ಇರುವುದಿಲ್ಲ. ಚುಚ್ಚಿದ್ದು ಗೊತ್ತಾಗಲಿಲ್ಲ. ಆದರೆ ಸೂಜಿ ಗಂಟಿಗೆ ತಾಗಿದ್ದೇ ತಡ, ಮಾಂಸಖಂಡ ನನ್ನನ್ನು ಕೇಳದೆ ತಾನೇ ಪಟಕ್ಕನೆ ಅದುರಿತು, ಒಳಗೆಲ್ಲ ಜೋಮು ಹಿಡಿದಂಥ ನೋವು ಹರಡಿತು. ಆಮೇಲೆ ಎದ್ದು ನಿಂತರೆ, ಎಷ್ಟೋ ದಿನಕ್ಕೆ ಹಿಮ್ಮಡಿ ನೆಲ ಮುಟ್ಟಿತ್ತು. ಸೂಜಿಯೊಂದೇ ಸಾಲದು, ಇನ್ನು ಮೇಲಿನದು ನಿಮ್ಮ ಕೆಲಸ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಒಂದೆರಡು ದಿನ ನೋವಿರುತ್ತದೆ, ಅದಕ್ಕೆ ಹೆದರಿ ಮಲಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ, ಆಗಾಗ ಎದ್ದು ನಡೆಯಬೇಕು, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಇಳಿಬಿಟ್ಟು ಎಳೆಯಬೇಕು.

ಇದನ್ನೆಲ್ಲ ನಾನು ಕೇಳಿಸಿಕೊಂಡೆ. ನಮ್ಮತ್ತೆಗೆ ಕಂಡದ್ದು ಮಾತ್ರ ಕಾಲಿನಲ್ಲಿ ನೆಟ್ಟಗೆ ನಿಂತಿದ್ದ ಸೂಜಿಗಳು. ಮನೆಗೆ ಬಂದವರೇ ಫೋನು ಹಿಡಿದು ಸುತ್ತೂರಿಗೆ, ಬದನವಾಳಿಗೆ, ಮೂಗೂರಿಗೆ ಸುದ್ದಿ ಮುಟ್ಟಿಸಿದರು. ಸುದ್ದಿ ಬದನವಾಳು ತಲುಪುವಷ್ಟರಲ್ಲಿ ಅದು ಆಪರೇಷನ್ ಆಗಿತ್ತು. ಅಡುಗೆಮನೆಯಿಂದ ಬದನೆಕಾಯಿ ಹೊರಬಿತ್ತು, ಚುಚ್ಚಿದ ಜಾಗಕ್ಕೆ ನಂಜಾಗುತ್ತದಂತೆ. ನನ್ನನ್ನು ಹಜಾರದ ಮಂಚಕ್ಕೆ ಹಾಕಿದರು, ಬಂದವರಿಗೆ ಕಾಣಬೇಕಲ್ಲ.

ಗುರುವಾರ ಬೆಳಗ್ಗೆಯಿಂದ ಶುರುವಾಯಿತು ನೋಡಿ. ಒಬ್ಬರು ಎದ್ದರೆ ಇನ್ನೊಬ್ಬರು. ನಾನು ಎರಡು ಹೆಜ್ಜೆ ಹಾಕೋಣವೆಂದು ಕಾಲು ಕೆಳಗಿಟ್ಟರೆ ಬಾಗಿಲಲ್ಲಿ ಚಪ್ಪಲಿ ಸದ್ದು. ಅತ್ತೆ ಕಣ್ಣಲ್ಲೇ ಮಲಗಿಸುತ್ತಿದ್ದರು. ಬಂದವರು ಸುಮ್ಮನೆ ನೋಡಿ ಹೋಗುವರೇ? ಎಲ್ಲಿ ಗಂಟು ಎಂದು ಪ್ರತಿಯೊಬ್ಬರೂ ಸರಿಯಾಗಿ ಸೂಜಿ ಚುಚ್ಚಿದ ಜಾಗವನ್ನೇ ಅದುಮಿದರು. ಡಾಕ್ಟರಮ್ಮ ಸೂಜಿಯಲ್ಲಿ ಬಿಡಿಸಿದ್ದನ್ನು ಇವರು ಬೆರಳಲ್ಲಿ ಕಟ್ಟುತ್ತಿದ್ದರು. ನಾನು ನಡೆಯಬೇಕು ಅಂದರೆ, ಪಾಪ, ನೋವಲ್ಲಿ ಏನೋ ಅಂತಾಳೆ ಎಂದು ತಲೆ ಸವರಿದರು. ಮೈಯೆಲ್ಲ ಉರಿದುಹೋಯಿತು. ಸಂಜೆ ಬಚ್ಚಲಿಗೆ ಹೋಗಲು ಎದ್ದರೆ ಹಿಮ್ಮಡಿ ಮತ್ತೆ ಮೇಲೆದ್ದಿತ್ತು. ಆ ದಿನ ನಾನು ಅತ್ತೆಯೊಡನೆ ಮಾತಾಡಲಿಲ್ಲ. ಕಾಲು ನೋವು ಜಾಸ್ತಿಯಾಗಿದೆ ಎಂದುಕೊಂಡು ಅವರು ಇನ್ನೊಂದು ದಿಂಬು ತಂದಿಟ್ಟರು.

ಶುಕ್ರವಾರ ಮೂಗೂರಿನಿಂದ ನಮ್ಮ ದೊಡ್ಡವ್ವ ಬಂದಳು. ನಮ್ಮವ್ವನ ಅಕ್ಕ, ಅವ್ವ ಹೋದಮೇಲೆ ನನಗೆ ತವರು ಅಂತ ಇರುವುದು ಅವಳೊಬ್ಬಳೇ. ಅವಳಿಗೆ ಮಂಡಿನೋವು, ಹೊಸ್ತಿಲು ದಾಟಲೂ ಬಾಗಿಲ ಚೌಕಟ್ಟು ಹಿಡಿಯಬೇಕು. ಕೂತು, ಸುಧಾರಿಸಿಕೊಂಡು, ಯಾವ ಮದ್ದು ಹಾಕಿದರು ಎಂದು ವಿಚಾರಿಸಿದಳು. ಮದ್ದಿಲ್ಲ, ಬರೀ ಸೂಜಿ ಅಂದೆ.

"ಬರೀ ಸೂಜಿ ಚುಚ್ಚಕ್ಕೆ ಡಾಕ್ಟ್ರು ಯಾಕವ್ವ? ಮನೇಲಿ ಸೂಜಿ ಇರ್ನಿಲ್ವಾ?" ಅಂದಳು.

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವಳೂ ಅದುಮಿದಳು, ಎಲ್ಲರಿಗಿಂತ ಗಟ್ಟಿಯಾಗಿ. ಊಟ ಮಾಡಿ, ಎಲೆಅಡಿಕೆ ಹಾಕಿ, ಹೊರಡಲು ಎದ್ದಳು. ಆಗ ನನಗೆ ಹೊಳೆಯಿತು. ಮಲಗಿದವರನ್ನು ನೋಡಲು ಬರುವುದು ಪದ್ಧತಿಯಾದರೆ, ಬಂದ ನೆಂಟರನ್ನು ಬಸ್ ಸ್ಟ್ಯಾಂಡ್ ತನಕ ಕಳಿಸಿಬರುವುದೂ ಪದ್ಧತಿಯೇ ತಾನೇ? ಹಿರಿಯರನ್ನು ಬಾಗಿಲಲ್ಲೇ ಬೀಳ್ಕೊಟ್ಟರೆ ಅತ್ತೆಯ ಮಾನ ಹೋಗುವುದಿಲ್ಲವೇ? ನಾನು ಸೆರಗು ಸರಿಮಾಡಿಕೊಂಡು ಮಂಚದಿಂದ ಇಳಿದೆ.

"ತವರಿನೋರು ಬಂದವ್ರೆ, ಒಬ್ಳನ್ನೇ ಕಳ್ಸಕ್ಕಾದದಾ ಅತ್ತೆ? ಬುಟ್ಟು ಬತ್ತೀನಿ."

ಅತ್ತೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಂಡಿ ಎಳೆದುಕೊಂಡು ದೊಡ್ಡವ್ವ, ಮೀನಖಂಡ ಎಳೆದುಕೊಂಡು ನಾನು, ಇಬ್ಬರೂ ನಿಂತು ನಿಂತು ಸ್ಟ್ಯಾಂಡ್ ಸೇರಿದೆವು. ಕಂಡವರು ನಕ್ಕಿರಬೇಕು. ವಾಪಸು ಬರುವಾಗ ನನ್ನ ಹಿಮ್ಮಡಿ ಅಷ್ಟಷ್ಟು ಕೆಳಗಿಳಿದಿತ್ತು. ಶನಿವಾರ, ಭಾನುವಾರ ಬಂದ ಒಬ್ಬರನ್ನೂ ಬಿಡಲಿಲ್ಲ, ಎಲ್ಲರನ್ನೂ ಸ್ಟ್ಯಾಂಡಿಗೆ ಮುಟ್ಟಿಸಿದೆ. ಭಾನುವಾರ ಮಧ್ಯಾಹ್ನ ಯಾರೂ ಬಾರದಿದ್ದಾಗ, ದೇವರೇ, ನೆಂಟರಿಗಾಗಿ ನಾನೇ ದಾರಿ ನೋಡಿದೆ. ಮೆಟ್ಟಿಲಂಚಿನ ವ್ಯಾಯಾಮವನ್ನು ಅತ್ತೆಗೆ ಕಾಣದಂತೆ ಹಿತ್ತಲಲ್ಲಿ ಮಾಡಿದೆ.

ಸೋಮವಾರ ಯಾರ ಕೈಯೂ ಹಿಡಿಯದೆ ಫುಟ್‌ಬೋರ್ಡ್ ಹತ್ತಿದೆ. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಹಿಮ್ಮಡಿ ನೆಲದ ಮೇಲಿತ್ತು, ಲೈನು ನನ್ನದಾಗಿತ್ತು. ನರಸೀಪುರದಲ್ಲಿ ಬಸ್ಸು ತುಂಬಿತು. ಜನರ ಮಧ್ಯೆ ನುಗ್ಗಿಕೊಂಡು ಹಿಂದಿನಿಂದ ಟಿಕೆಟ್ ಕೊಡುತ್ತ ಬಂದೆ. ಮುಂದಿನ ಸೀಟಿನ ಹೆಂಗಸು ತಲೆಯೆತ್ತದೆ ಸೆರಗಿನ ಗಂಟಿನಿಂದ ಆಧಾರ್ ಕಾರ್ಡ್ ತೆಗೆದು ಚಾಚಿದಳು. ಕಾಲ ಸಂದಿಯಲ್ಲಿ ಬನ್ನಿನ ಪೊಟ್ಟಣ, ಬಾಳೆಹಣ್ಣು.

"ಎಲ್ಲಿಗೆ ದೊಡ್ಡವ್ವ?" ಅಂದೆ.

ದೊಡ್ಡವ್ವ ತಲೆಯೆತ್ತಿ ನನ್ನನ್ನು ನೋಡಿದಳು, ನನ್ನ ಕಾಲು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಅವಳ ಮುಖ ಸಪ್ಪಗಾಯಿತು.

"ನಿನ್ನ ನೋಡಕ್ಕೇ ಕಣವ್ವ," ಅಂದಳು.

ನಂಜನಗೂಡಿಗೆ ಟಿಕೆಟ್ ಕೊಟ್ಟೆ.