ಮದುವೆ ಲಾರಿಗೆ ಕೂಲಂಟ್

ಸಂಪಾಜೆಯ ಯಮುನ ಐವತ್ತು ದಾಟಿದ ಮೇಲೆ ಮದುವೆಗೆ ಒಪ್ಪಿದಳು. ಅದಕ್ಕಿಂತ ದೊಡ್ಡ ಸುದ್ದಿ, ಮಡಿಕೇರಿಯ ಮಂಟಪಕ್ಕೆ ದಿಬ್ಬಣವನ್ನು ತನ್ನ ಲಾರಿಯಲ್ಲೇ, ತಾನೇ ಓಡಿಸಿಕೊಂಡು ಒಯ್ಯುತ್ತೇನೆ ಎಂದದ್ದು.

ಅದು ಅವಳ ಅಪ್ಪ ಕೊಂಡಿದ್ದ ಲಾರಿ. ಹರೆಯದಲ್ಲೇ ಅದರ ಸ್ಟೀರಿಂಗ್ ಹಿಡಿದವಳು ಬಾಳೆಗೊನೆ, ಇಟ್ಟಿಗೆ, ಕಾಫಿ ಮೂಟೆ ಎಂದು ಜಿಲ್ಲೆಯೆಲ್ಲ ಸುತ್ತಿದ್ದಳು. ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಮದುಮಗ ಉತ್ತಯ್ಯ ಸಿಕ್ಕಿದ್ದೂ ಅದರಿಂದಲೇ. ಇಂಜಿನ್ ಕುದಿದು ಹಬೆ ಏಳುತ್ತಿದ್ದಾಗ ಕೊಡದಲ್ಲಿ ನೀರು ತಂದುಕೊಟ್ಟವನು, ಮುಂದಿನ ವಾರವೂ ಕೊಡ ಹಿಡಿದು ಅಲ್ಲೇ ಕಾಯುತ್ತಿದ್ದ. ಆ ದಿನ ಲಾರಿ ಕುದಿದಿರಲಿಲ್ಲ. ಆದರೂ ಯಮುನ ನಿಲ್ಲಿಸಿದಳು.

ಪಾಲಿಬೆಟ್ಟದಲ್ಲಿ ಕುದಿಯುವುದು ಸರಿ, ದಿಬ್ಬಣದ ದಿನ ಘಾಟಿಯಲ್ಲಿ ಕುದಿದರೆ?

"ಅತ್ತಿಗೆ, ರೇಷ್ಮೆ ಸೀರೆ ಉಟ್ಕೊಂಡು ರೇಡಿಯೇಟರ್‌ಗೆ ನೀರು ಹೊಯ್ತೀರಾ? ಒಂದು ಜೀಪ್ ಹೇಳುವ," ಎಂದಳು ತಮ್ಮನ ಹೆಂಡತಿ ದಿವ್ಯ.

"ಕುದಿಯದ ಹಾಂಗೆ ಮಾಡಿರೆ ಆತಲ್ಲ!" ಎಂದಳು ಯಮುನ.

ಮೆಕ್ಯಾನಿಕ್ ಸಾಂತಪ್ಪ ರೇಡಿಯೇಟರ್ ಬಿಚ್ಚಿದಾಗ ಇಳಿದದ್ದು ರಾಗಿ ಗಂಜಿಯಂಥ ತುಕ್ಕು. ಇಷ್ಟು ವರ್ಷ ತೊರೆಯ ನೀರು ಕುಡಿಸಿದ ಫಲ. ಇನ್ನು ನೀರಿನ ಬದಲು ಇಂಜಿನ್ ತಂಪಿಡುವ ಒಳ್ಳೆಯ ಕೂಲಂಟೇ ಹಾಕುವುದೆಂದು ಯಮುನ, ಸಾಂತಪ್ಪ ಇಬ್ಬರೂ ಬಿಡಿಭಾಗದ ಅಂಗಡಿಗೆ ಹೋದರೆ ಅಲ್ಲಿ ಹಸಿರು, ಕೆಂಪು, ನೀಲಿ, ಥೇಟ್ ಶರಬತ್ತಿನ ಸಾಲು.

"ಕೆಂಪು ತಗೊಳ್ಳುವ, ನನ್ನ ಸೀರೆಗೆ ಮ್ಯಾಚ್," ಎಂದಳು ಯಮುನ.

"ನನ್ನ ಶೆಡ್ಡಲ್ಲಿ ಸ್ವಲ್ಪ ಹಸಿರು ಉಂಟು. ಎರಡೂ ಸೇರಿಸಿದ್ರೆ ತಂಪು ಜಾಸ್ತಿ ಅಲ್ವ?" ಎಂದ ಸಾಂತಪ್ಪ.

ಇಬ್ಬರಿಗೂ ಖಾತ್ರಿಯಿರಲಿಲ್ಲ. ಲಾರಿ ಕಂಪೆನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಎತ್ತಿದವಳು ಶೋಭಿತಾ ಎಂಬ ಇಂಜಿನಿಯರ್.

"ಬಣ್ಣ ನೋಡ್ಬೇಡಿ ಮೇಡಂ, ಡಬ್ಬದ ಮೇಲೆ ಬರೆದದ್ದು ಓದಿ. ನಿಮ್ಮದು ಹಳೇ ಡೀಸೆಲ್ ಇಂಜಿನ್, ಸಿಲಿಂಡರಿನ ಗೋಡೆಗೆ, ಅಂದ್ರೆ ಲೈನರಿಗೆ, ನೀರು ನೇರವಾಗಿ ತಾಗ್ತದೆ. ಇಂಜಿನ್ ನಡುಗುವಾಗ ಅಲ್ಲಿ ಸಣ್ಣ ಗುಳ್ಳೆಗಳು ಒಡೆದು ಒಡೆದು ಲೋಹವನ್ನೇ ಕೊರೀತವೆ. ಅದನ್ನು ತಡೆಯುವ ಔಷಧಿ ಸೇರಿಸಿದ, ಹೆವಿ ಡೀಸೆಲ್‌ಗೆ ಅಂತಲೇ ಇರುವ ಹಳೇ ನಮೂನೆಯ ಕೂಲಂಟ್ ತಗೊಳ್ಳಿ. ಅದು ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಮತ್ತೆ, ಎರಡು ಜಾತಿ ಮಾತ್ರ ಸೇರಿಸಲೇಬಾರದು!"

"ಅಯ್ಯೋ! ಅದು ರೇಡಿಯೇಟರ್‌ಗೆ ಮಾತ್ರ ತಾನೆ? ನಾನು ಗೌಡರವಳು, ನಾಡಿದ್ದು ಕೊಡವರವನನ್ನು ಮದುವೆ ಆಗ್ತಾ ಇದ್ದೇನೆ!"

ಆ ಕಡೆ ಶೋಭಿತಾ ನಕ್ಕ ನಗುವಿಗೆ ಅಂಗಡಿಯವರೂ ನಕ್ಕರು. "ಮದುವೆಗೆ ಏನೂ ತೊಂದರೆ ಇಲ್ಲ ಮೇಡಂ, ಧಾರಾಳವಾಗಿ ಸೇರಿಸಿ," ಎಂದಳು ಅವಳು ಕಣ್ಣೊರೆಸಿಕೊಳ್ಳುವ ದನಿಯಲ್ಲಿ.

ತಿಳಿ ನೀರು ಬರುವ ತನಕ ಸಾಂತಪ್ಪ ಇಂಜಿನ್ ತೊಳೆದ. ಸವೆದ ಹೋಸ್, ಮುಚ್ಚಳ ಬದಲಿಸಿದ. ಹೇಳಿದ ಕೂಲಂಟನ್ನೇ ತುಂಬಿಸಿದರು. ಅದು ಹಸಿರಾಗಿತ್ತು, ಆದರೂ ಯಮುನ ಬೇಸರಪಡಲಿಲ್ಲ.

ಮದುವೆಯ ಬೆಳಿಗ್ಗೆ ಮಲ್ಲಿಗೆ ಮುಡಿದು, ಸೀರೆ ಎತ್ತಿ ಸಿಕ್ಕಿಸಿ ಅವಳು ಸ್ಟೀರಿಂಗ್ ಹಿಡಿದಳು. ಹಿಂದೆ ಬೆಂಚು ಹಾಕಿ ನೆಂಟರು. ಪಕ್ಕದಲ್ಲಿ ಕೂತ ದಿವ್ಯ ಪ್ರತಿ ತಿರುವಿಗೂ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡಿ, "ಮೇಲೆ ಹೋಗ್ಲಿಲ್ಲ!" ಎಂದು ಕೂಗುವುದು, ಹಿಂದಿನವರು ಹೋ ಎನ್ನುವುದು. ಲಾರಿ ಯಾವಾಗಲೂ ನೀರಿಗೆ ನಿಲ್ಲುತ್ತಿದ್ದ ತೊರೆ ಬಂತು, ಹೋಯಿತು. ಅಲ್ಲಿ ಇಳಿಯಬೇಕೆಂದು ಮನೆಯಿಂದಲೇ ತಡೆದುಕೊಂಡು ಬಂದಿದ್ದ ಚಿನ್ನಿ ಅತ್ತೆ "ನಿಲ್ಸೇ!" ಎಂದು ಚೀರಿದರು. ಅದೂ ಸಂಭ್ರಮದ ಕೂಗೆಂದುಕೊಂಡು ಯಮುನ ಇನ್ನಷ್ಟು ಹಾರ್ನ್ ಹೊಡೆದಳು.

ಎಲ್ಲೂ ನಿಲ್ಲದೆ ಮಂಟಪ ತಲುಪಿದರೆ ಗೇಟಿಗೆ ಇನ್ನೂ ಬೀಗ. ಅಷ್ಟು ಬೇಗ ಬರುತ್ತಾರೆಂದು ಯಾರಿಗೆ ಗೊತ್ತು? ಚಿನ್ನಿ ಅತ್ತೆ ಪಕ್ಕದ ಮನೆಗೆ ಓಡಿದರು, ಉಳಿದವರು ರಸ್ತೆಯಲ್ಲೇ ಕುಣಿಯತೊಡಗಿದರು, ಮದುಮಗಳೂ ಸೇರಿ. ನೆಂಟರೊಂದಿಗೆ ಬಂದಿಳಿದ ಉತ್ತಯ್ಯ ಒಂದು ಗಳಿಗೆ ಬಾಯಿ ಬಿಟ್ಟು ನೋಡಿದ. ಆಮೇಲೆ ತನ್ನ ಕೊಡವ ನಿಲುವಂಗಿ ಕುಪ್ಯದ ತುದಿ ಹಿಡಿದು ತಾನೂ ಕುಣಿದ. ಗೇಟು ತೆರೆದ ಮೇಲೂ ಒಳಗಿನಿಂದ ಮತ್ತೆ ಮತ್ತೆ ಕೂಗಿ ಕರೆಯಬೇಕಾಯಿತು.