ಮಾವನ ಹೆಸರಿನ ಸರ್ವರ್

ಚಂದ್ರಕಲಾ ಸೊಸೆಯಾಗಿ ಬಂದ ಸಾರವಾಡದ ಮನೆಯಲ್ಲಿ ಕುರಿ ಇದ್ದವು, ದ್ರಾಕ್ಷಿ ತೋಟ ಇತ್ತು, ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಅಥಣಿ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕಾಗ ಗಂಡ ಮಾಳು ಮುಖ ಊದಿಸಿಕೊಂಡ. ನೆರೆಹೊರೆಯವರಂತೂ ಕೇಳಲೇಬೇಡಿ, ಬಾಯಿಗೆ ಬಂದಂತೆ ಆಡಿದರು. ಆಗ ಬೆನ್ನಿಗೆ ನಿಂತವರು ಮಾವ ಒಬ್ಬರೇ. "ನೀ ಹೋಗಬೇ ಯವ್ವಾ, ಯಾರ ಏನ ಅಂತಾರ ನಾ ನೋಡ್ತೇನಿ" ಎಂದು ತಾವೇ ಬಂದು ಬಸ್ಸು ಹತ್ತಿಸಿದ್ದರು. ಆ ಉಪಕಾರವನ್ನು ಅವಳು ಒಂದು ದಿನವೂ ಮರೆತವಳಲ್ಲ.

ಕೋಲ್ಡ್ ಸ್ಟೋರೇಜಿಗೆ ತನ್ನದೇ ಆದ ಮೇಲ್ ಸರ್ವರ್ ಇತ್ತು. ಅದನ್ನು ಹೊಂದಿಸಿಕೊಟ್ಟ ರಿಜ್ವಾನನಿಗೆ ಯಂತ್ರಗಳಿಗೆಲ್ಲ ಊರ ಮಂದಿಯ ಹೆಸರಿಡುವ ಹುಕಿ. ಪ್ರಿಂಟರಿಗೆ ದುಂಡವ್ವ, ಬಿಲ್ಲಿನ ಕಂಪ್ಯೂಟರಿಗೆ ಕಾಳವ್ವ, ಸರ್ವರಿಗೆ ಅಮೋಘಿ. ಕೆಲಸವನ್ನೆಲ್ಲ ಚಂದ್ರಕಲಾಗೆ ತಾಳ್ಮೆಯಿಂದ ಕಲಿಸಿ ಅವನು ಬೇರೆ ನೌಕರಿಗೆ ಹೋದ ಮೇಲೆ ಸರ್ವರಿನ ಜವಾಬ್ದಾರಿ ಇವಳದಾಯಿತು. ಒಣದ್ರಾಕ್ಷಿ ಇಟ್ಟ ಕೋಣೆಗಳಲ್ಲಿ ಕಾವು ಏರಿದರೆ ಸರ್ವರ್ ತಾನೇ ಎಚ್ಚರಿಕೆಯ ಮೇಲ್ ಬರೆದು, ತನ್ನದೇ ಹೆಸರಿನ ವಿಳಾಸ ಕೊಟ್ಟು, ತನ್ನೊಳಗೇ ಇರುವ ಅವಳ ಮೇಲ್ ಪೆಟ್ಟಿಗೆಗೆ ಹಾಕುತ್ತಿತ್ತು. ಅವಳ ಫೋನು ಸದ್ದು ಮಾಡುತ್ತಿತ್ತು.

ಎಲ್ಲ ಸರಿ, ಆದರೆ ಮಾವನ ಹೆಸರೂ ಅಮೋಘಿಯೇ! ಮಾವನ ಹೆಸರನ್ನು ಬಾಯಲ್ಲಿ ತೆಗೆಯುವ ಸೊಸೆ ಅವರ ಮನೆತನದಲ್ಲಿ ಹುಟ್ಟಿಲ್ಲ. ಇಲ್ಲಿ ನೋಡಿದರೆ ದಿನ ಬೆಳಗಾದರೆ ಸರ್ವರ್ ನಿಂತು, "ಅಮೋಘಿ ಸತ್ತಾನ ನೋಡ್ರಿ", "ಅಮೋಘಿನ್ನ ಎಬ್ಬಸ್ರಿ" ಎಂದು ಆಫೀಸಿನ ತುಂಬ ಕೂಗು. ಅಯ್ಯೋ ಶಿವನೇ, ಯಾರನ್ನು ದೇವರೆಂದು ತಿಳಿದಿದ್ದಳೋ ಅವರನ್ನೇ ದಿನಾ ಸಾಯಿಸುತ್ತಾರಲ್ಲ ಎಂದು ಅವಳಿಗೆ ಸಂಕಟವಾಗುತ್ತಿತ್ತು. ಕಡೆಗೊಂದು ದಿನ ಯಾರಿಗೂ ಹೇಳದೆ ಸರ್ವರಿನ ಹೆಸರನ್ನು ‘ಜೋಳ’ ಎಂದು ಬದಲಿಸಿಬಿಟ್ಟಳು. ಹೊರಗಿನಿಂದ ಕಂಪನಿಯ ವಿಳಾಸಕ್ಕೆ ಒಂದು ಮೇಲ್ ಕಳಿಸಿ ನೋಡಿದಳು, ಬಂತು. ಹಾಲು ಕುಡಿದಷ್ಟು ಸಂತೋಷವಾಯಿತು.

ಅಲ್ಲಿಂದಾಚೆ ಎಚ್ಚರಿಕೆಯ ಮೇಲ್ ಒಂದೂ ಬರಲಿಲ್ಲ. ಕೋಣೆಗಳು ತಣ್ಣಗಿವೆ ಎಂದೇ ಅವಳು ನಂಬಿದಳು.

ಒಂದು ಮಧ್ಯಾಹ್ನ ಮಾವ ತಮ್ಮ ಒಣದ್ರಾಕ್ಷಿ ತೋರಿಸಲು ತಿಕೋಟಾದ ವ್ಯಾಪಾರಿಯನ್ನು ಕರೆತಂದರು. ಕೋಣೆಯೊಳಗೆ ಹೋದವರು ಹೋದಷ್ಟೇ ಬೇಗ ಹೊರಬಂದರು.

"ಚಂದ್ರವ್ವಾ, ಒಳಗ ತಂಪ ಇಲ್ಲಲ್ಲಬೇ!" ಎಂದರು ಮಾವ.

ಅವಳು ಕೂಗಿ ಕರೆದಳು. ತಂಪಿನ ಯಂತ್ರ ನೋಡಿಕೊಳ್ಳುವ ಮಲ್ಲಿಕಸಾಬ ಓಡಿಬಂದು, ನಿಂತುಹೋಗಿದ್ದ ಫ್ಯಾನನ್ನು ಮತ್ತೆ ಹೊರಡಿಸಿದ. ಬಾಕ್ಸು ಬಿಚ್ಚಿ ನೋಡಿದರೆ ಹಣ್ಣಿನ ಬಣ್ಣ ಇನ್ನೂ ಕೆಟ್ಟಿರಲಿಲ್ಲ, ಪುಣ್ಯ. ಆದರೆ ಮಾಲೀಕ ಅರುಣಕುಮಾರ ಸುಮ್ಮನಾಗಲಿಲ್ಲ. "ಮೇಲ್ ಯಾಕ ಬರಲಿಲ್ಲ? ಸಂಜಿ ಒಳಗ ಹೇಳವಾ. ನಿನ್ನ ಕೈಲೆ ಆಗಲಿಲ್ಲಂದ್ರ ಬ್ಯಾರೇದವರನ್ನ ನೋಡಬೇಕಾಗತೈತಿ."

ನೌಕರಿಯೇ ತೂಗುಯ್ಯಾಲೆಯಲ್ಲಿ. ವ್ಯಾಪಾರಿಯನ್ನು ಕಳಿಸಿ ಮಾವ ಅವಳ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತರು. ಅವಳು ಸ್ಪೀಕರ್ ಹಾಕಿ ರಿಜ್ವಾನನಿಗೆ ಫೋನು ಹಚ್ಚಿದಳು.

"ಕಳಿಸದ ಉಳದ ಮೇಲ್ ಅದಾವೇನ ನೋಡ್ರಿ ಅಕ್ಕಾರ" ಎಂದ ಅವನು.

ನೋಡಿದಳು. ಎಚ್ಚರಿಕೆಗಳೆಲ್ಲ ಅಲ್ಲೇ ಒಂದರ ಮೇಲೊಂದು ಬಿದ್ದಿದ್ದವು. ‘ಜೋಳ’ ಎಂಬ ವಿಳಾಸ ಹೊರಗೆಲ್ಲೂ ಸಿಗಲಿಲ್ಲವೆಂದು ಪ್ರತಿಯೊಂದರ ಕೆಳಗೂ ಬರೆದಿತ್ತು; ಅದನ್ನು ಅವನಿಗೆ ಓದಿ ಹೇಳಿದಳು.

"ಮನಿ ಒಳಗಿನ ಮೇಲ್ ಹೊರಗ್ಯಾಕ ಹೊಂಟೈತಿ? ಹೆಸರ ಬದಲಿ ಮಾಡೀರೇನ್ರಿ?"

"ಹ್ಞೂಂ" ಎಂದಳು.

"ಅದಕ್ಕ ಮತ್ತ! ಯಾವ ಯಾವ ಹೆಸರಿನ ಮೇಲ್ ತನ್ನದು ಅಂತ ಅದಕ್ಕ ಹೇಳೋ ಸಾಲಿನ್ಯಾಗ ಇನ್ನೂ ಹಳೇದ ಐತಿ. ಜೋಳ ಯಾರು ಅಂತ ಅದಕ್ಕ ಗೊತ್ತಿಲ್ಲ. ಹೊಸದನ್ನೂ ಅಲ್ಲೆ ಸೇರಸ್ರಿ. ಅಲ್ರೀ ಅಕ್ಕಾರ, ಅಮೋಘಿ ಅಂತ ಚೊಲೋ ಹೆಸರಿತ್ತು, ಯಾಕ ತಗದ್ರಿ?"

ಮಾವ ತಲೆ ಎತ್ತಿದರು. ಇನ್ನು ಮುಚ್ಚಿಡುವುದೇನು? ಅವಳು ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಮಾವ ಕೆಮ್ಮು ಬರುವಷ್ಟು ನಕ್ಕರು.

"ಹುಚ್ಚವ್ವಾ! ನನ್ನ ಮರ್ಯಾದಿ ಉಳಸಾಕ ಹೋಗಿ ಮಂದಿ ಮಾಲ ಕೆಡಸ್ತಿದ್ದೆಲ್ಲ. ಅವರು ಒದರಿದ್ರ ನಾ ಸಾಯ್ತೇನೇನ? ಮದಲ ಅದನ್ನ ಸರಿ ಮಾಡು."

ಹೊಸ ಹೆಸರನ್ನು ಆ ಸಾಲಿಗೆ ಸೇರಿಸಿ, ಮೇಲ್ ಪ್ರೋಗ್ರಾಮನ್ನು ಮತ್ತೆ ಶುರು ಮಾಡಿ, ಉಳಿದುಹೋದವನ್ನೆಲ್ಲ ಕಳಿಸಲು ಹೇಳಿದಳು. ಫೋನು ಕಿಣಿಕಿಣಿ ಎನ್ನತೊಡಗಿತು, ನಿಲ್ಲಲೇ ಇಲ್ಲ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮಾಲೀಕರ ಮುಂದೆ ನಿಂತು ತಪ್ಪು ತನ್ನದೇ ಎಂದಳು, ಕಾರಣವನ್ನೂ ಹೇಳಿದಳು. ಅರುಣಕುಮಾರ ಒಮ್ಮೆ ಅವಳನ್ನು, ಒಮ್ಮೆ ಮುದುಕರನ್ನು ನೋಡಿ, "ಇನ್ನ ಮ್ಯಾಲೆ ಏನರ ಬದಲಿ ಮಾಡೂ ಮುಂದ ನನಗೊಂದು ಮಾತು ಹೇಳವಾ. ಮತ್ತ ಈ ಮೇಲ್ ಇನ್ನೊಬ್ಬರಿಗೂ ಬರೂಹಂಗ ಮಾಡು" ಎಂದರು. ನೌಕರಿ ಉಳಿಯಿತು.

"ನನ್ನ ಫೋನಿಗೇ ಬರಲಿ. ನನ್ನ ಮಾಲೂ ಐತಲ್ಲ ಒಳಗ" ಎಂದರು ಮಾವ.

ಅವರಿಗೊಂದು ಮೇಲ್ ಪೆಟ್ಟಿಗೆ ತೆರೆಯಬೇಕಾದರೆ ಹೆಸರು ಹಾಕಲೇಬೇಕಲ್ಲ. ಮನಸ್ಸಿನಲ್ಲೇ ಕೈಮುಗಿದು ಒಂದೊಂದೇ ಅಕ್ಷರ ಒತ್ತಿದಳು. ಆಮೇಲೆ ಅದನ್ನು ಅವರ ಫೋನಿಗೆ ಜೋಡಿಸಿಕೊಟ್ಟು, ಪರೀಕ್ಷೆಗೆಂದು ಒಂದು ಮೇಲ್ ಕಳಿಸಿದಳು. ಮಾವನ ಅಂಗಿಯ ಜೇಬು ಗುಯ್ ಎಂದಿತು.

"ಏನ ಬರದೀಬೇ? ನಂಗ ಕಾಣಂಗಿಲ್ಲ, ಓದು."

ತಾನು ಬರೆದದ್ದನ್ನು ಜೋರಾಗಿ ಓದಬೇಕಾದೀತೆಂದು ಅವಳು ಎಣಿಸಿರಲಿಲ್ಲ. ಆದರೂ ಓದಿದಳು.

"ಮಾವಾರ, ನೀವು ಇದ್ದೀರಿ ಅಂತ ನಾ ಇಲ್ಲಿ ಕುಂತೇನಿ."

ಮಾವ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು, "ಹ್ಞೂಂ, ಮುಟ್ಟೇತಿ" ಎಂದರು.