ಹೆತ್ತವ್ವನ ಸಾಕ್ಷಿ

ಸರಸಂಬಾದ ಶಿವಪ್ರಕಾಶನ ಹೆಂಡತಿ ವಿಜಯಶ್ರೀ ಒಲೆಯ ಮೇಲೆ ಹಾಲಿಟ್ಟಳೆಂದರೆ ಮನೆಯವರೆಲ್ಲ ಒಲೆಯ ಕಡೆ ಒಂದು ಕಣ್ಣು ಇಟ್ಟಿರುತ್ತಿದ್ದರು. ಅವಳೇನು ಮೈಗಳ್ಳಿಯಲ್ಲ. ನಸುಕಿಗೇ ಎದ್ದು ಕಸಬರಿಗೆ ಹಿಡಿಯುತ್ತಿದ್ದಳು. ಗುಡಿಸುತ್ತ ಹೋದವಳಿಗೆ ಎಮ್ಮೆಗೆ ನೀರು ಕುಡಿಸುವುದು ನೆನಪಾಗುತ್ತಿತ್ತು, ನೀರಿಗೆ ಹೋದವಳ ಕಣ್ಣಿಗೆ ಒಣಹಾಕಿದ ತೊಗರಿ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮನೆ ತುಂಬ ಅರ್ಧಂಬರ್ಧ ಕೆಲಸಗಳು, ನಡುವೆ ಬೆವರೊರೆಸಿಕೊಳ್ಳುತ್ತ ಇವಳು. ಇಷ್ಟು ದುಡಿದೂ ಬೈಸಿಕೊಳ್ಳುವ ಹಣೆಬರಹ ಶತ್ರುವಿಗೂ ಬೇಡ.

ಬೈಗುಳ ಅವಳಿಗೆ ತವರಿನಿಂದಲೇ ಬಂದ ಬಳುವಳಿ. ಅಫಜಲಪುರದ ಕಡೆಯ ಗೊಬ್ಬೂರಿನಲ್ಲಿ ತಾಯಿ ಮಲ್ಕಮ್ಮ ಅವಳನ್ನು ಹೆಸರು ಹಿಡಿದು ಕರೆದದ್ದೇ ಅಪರೂಪ. "ಏ ಖಬರಗೇಡಿ" ಎಂದು ಕೂಗಿದರೆ ಯಾರನ್ನು ಕರೆದದ್ದೆಂದು ಓಣಿಗೆಲ್ಲ ಗೊತ್ತಿತ್ತು. ಉಪ್ಪು ತರಲು ಹೋದ ಹುಡುಗಿ ಕೋತಿ ಕುಣಿಸುವವನ ಬೆನ್ನು ಹತ್ತಿ ಊರಾಚೆ ಸಿಗುತ್ತಿದ್ದಳು. ಶಾಲೆಯಲ್ಲಿ ಪಾಟಿ ಬಿಟ್ಟಳು, ಚಪ್ಪಲಿ ಬಿಟ್ಟಳು, ಒಂದು ಸಲ ತಂಗಿ ಭಾಗ್ಯಾಳನ್ನೇ ಬಿಟ್ಟು ಬಂದಳು. ಮದುವೆಯ ಮಾತುಕತೆಯಲ್ಲಿ ಮಾತ್ರ ಮಲ್ಕಮ್ಮ ಇದರಲ್ಲಿ ಒಂದನ್ನೂ ಬಾಯಿ ಬಿಡಲಿಲ್ಲ. ಯಾವ ತಾಯಿ ಬಿಟ್ಟಾಳು?

ಅತ್ತೆ ಗುರುಬಾಯಿ ಕೆಟ್ಟವಳಲ್ಲ, ನೇಮದವಳು. ಒಂದು ದಿನ ಪೂಜೆಗೆಂದು ತನ್ನ ಕೊರಳಿನಿಂದ ಬಿಚ್ಚಿದ ಇಷ್ಟಲಿಂಗವನ್ನು ಎಲ್ಲಿಟ್ಟೆನೆಂದು ವಿಜಯಶ್ರೀಗೆ ಮರೆತೇಹೋಯಿತು. ಸಿಗುವತನಕ ಮನೆಯಲ್ಲಿ ಯಾರೂ ತುತ್ತು ಮುಟ್ಟುವಂತಿಲ್ಲವೆಂದು ಗುರುಬಾಯಿ ತಾನೂ ಉಪವಾಸ ಕುಳಿತಳು. ಸಕ್ಕರೆ ಕಾಯಿಲೆಯ ಮುದುಕಿ, ಸಂಜೆಗೆ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಲಿಂಗ ಹಿಟ್ಟಿನ ಡಬ್ಬಿಯ ಮೇಲೆ ಸಿಕ್ಕಿತು. ಮುದುಕಿ ಚೇತರಿಸಿಕೊಂಡಳು, ಸೊಸೆ ಚೇತರಿಸಿಕೊಳ್ಳಲಿಲ್ಲ. ನಿದ್ದೆ ಹೋಯಿತು, ಮಾತು ನಿಂತಿತು, ರೊಟ್ಟಿ ಬಡಿಯುತ್ತಲೇ ಅಳು. ಒಮ್ಮೆ ಹೊಲದ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದವಳನ್ನು ಶಿವಪ್ರಕಾಶ ಕೈಹಿಡಿದು ಎಬ್ಬಿಸಿಕೊಂಡು ಬಂದ. ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ.

ಆಳಂದದ ಆಸ್ಪತ್ರೆಯಲ್ಲಿ ತೋರಿಸಿದರು. ಖಿನ್ನತೆ ಎಂದು ಗುಳಿಗೆ ಕೊಟ್ಟರು. ಅಳು ತುಸು ತಗ್ಗುತ್ತಿತ್ತು, ಅಷ್ಟರಲ್ಲಿ ಮತ್ತೆ ಹಾಲು ಉಕ್ಕುತ್ತಿತ್ತು, ಮತ್ತೆ ಬೈಗುಳ, ಮತ್ತೆ ಅಳು. ಮರೆವಿನವಳಿಗೆ ಗುಳಿಗೆ ನುಂಗುವುದೂ ಮರೆಯುತ್ತಿತ್ತೆಂದರೆ ನಗಬೇಕೋ ಅಳಬೇಕೋ!

ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರ ಅವಳ ಬಾಲ್ಯವನ್ನು ಕೆದಕಿ ಕೇಳಿದಳು.

"ಕೆಲವರಿಗೆ ಸಣ್ಣವರಿದ್ದಾಗಿಂದಲೇ ಲಕ್ಷ್ಯ ಒಂದು ಕಡೆ ನಿಲ್ಲೂದಿಲ್ಲ. ಎಡಿಎಚ್‌ಡಿ ಅಂತಾರ. ಸೊಕ್ಕಲ್ಲ ಅದು, ಮಿದುಳಿನ ತೊಂದರೆ. ಬೈಸಿಕೊಂಡು ಬೈಸಿಕೊಂಡು ಮನಸ್ಸು ಕುಸೀತದ. ಬುಡದ್ದು ಬಿಟ್ಟು ಬರೇ ಖಿನ್ನತೆಗೆ ಔಷಧ ಕೊಟ್ಟರ ಹಿಂಗ ತಿರುಗಿ ತಿರುಗಿ ಬರ್ತದ. ಆದ್ರ ಖಿನ್ನತೆಯಿಂದಲೂ ಮರೆವು ಬರ್ತದ, ಯಾವುದು ಮೊದಲು ಅಂತ ತಿಳೀಬೇಕು. ಇವರನ್ನ ಸಣ್ಣವರಿದ್ದಾಗ ನೋಡಿದವರನ್ನ ಕರಕೊಂಡು ಬರ್ರಿ."

ತಂದೆ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಇದ್ದವಳು ಮಲ್ಕಮ್ಮ ಒಬ್ಬಳೇ.

ಆ ಸಂಜೆ ಗುರುಬಾಯಿ ತಾನೇ ಹಾಲು ಕಾಯಿಸಿದಳು. "ಬ್ಯಾನಿ ಅಂದ್ರ ಪಾಪ ಅಕಿ ಏನ್ ಮಾಡ್ಯಾಳ," ಎಂದಳು. ವಿಜಯಶ್ರೀ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ತನ್ನದು ತಪ್ಪಲ್ಲವಂತೆ! ಆ ಒಂದು ಮಾತನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಳೋ.

ಮಲ್ಕಮ್ಮ ಬಂದಳು. ಆದರೆ ಅವಳ ತಲೆಯಲ್ಲಿ ಬೇರೆಯೇ ಲೆಕ್ಕ. ಶಿವಪ್ರಕಾಶನ ಚಿಕ್ಕಪ್ಪನ ಮಗನಿಗೆ ಭಾಗ್ಯಾಳನ್ನು ಕೊಡುವ ಮಾತು ನಡೆದಿತ್ತು. ಹುಟ್ಟಿನಿಂದಲೇ ರೋಗವೆಂದು ಹೇಳಿದರೆ, ಗೊತ್ತಿದ್ದೂ ಹೆಣ್ಣು ದಾಟಿಸಿದರೆಂಬ ಹೆಸರು ಬರುತ್ತದೆ, ಎರಡನೆಯದಕ್ಕೂ ಅದೇ ಇದ್ದೀತೆಂದು ಬೀಗರು ಹಿಂದೆ ಸರಿಯುತ್ತಾರೆ. ಸಾಲದ್ದಕ್ಕೆ ಗುರುಬಾಯಿಯೂ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಳು.

"ಎಂಥಾ ಮಾತ್ರಿ ಡಾಕ್ಟರಮ್ಮಾ!" ಎಂದಳು ಮಲ್ಕಮ್ಮ. "ನನ್ನ ಮಗಳು ಸಣ್ಣಾಕಿ ಇದ್ದಾಗಿಂದ ಭಾಳ ಲಕ್ಷ್ಯದಾಕಿ. ಒಂದ್ ಚಮಚಾ ಕಳದಾಕಿ ಅಲ್ಲ. ಅಕೀನ್ನ ನೋಡಿ ಕಲೀರಿ ಅಂತ ಮಾಸ್ತರ್ರು ಉಳದ ಹುಡುಗ್ರಿಗೆ ಹೇಳ್ತಿದ್ರು. ಇದೆಲ್ಲಾ ಈಚಿಗಿ ಆದದ್ರಿ."

ವಿಜಯಶ್ರೀ ಬೆರಗಾಗಿ ತಾಯಿಯ ಮುಖ ನೋಡಿದಳು. ಹುಟ್ಟಿದಾಗಿನಿಂದ ಅವ್ವನ ಬಾಯಿಂದ ಒಂದು ಒಳ್ಳೆಯ ಮಾತಿಗೆ ಕಾದಿದ್ದಳು. ಬಂತು, ಹೊಳೆಯ ಹಾಗೆ ಬಂತು, ಪ್ರತಿ ಮಾತೂ ಸುಳ್ಳು. ಸುಳ್ಳೆಂದು ಗೊತ್ತಿದ್ದೂ ಇನ್ನೊಂದಿಷ್ಟು ಹೇಳಲಿ ಎನಿಸಿತು. ಆ ಆಸೆಗೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಹೌದೇನ್ರಿ ವಿಜಯಶ್ರೀ?" ಡಾಕ್ಟರಮ್ಮ ಕೇಳಿದಳು.

ಮೇಜಿನ ಕೆಳಗೆ ಮಲ್ಕಮ್ಮನ ಕೈ ಅವಳ ಮೊಣಕಾಲನ್ನು ಒತ್ತಿ ಹಿಡಿದಿತ್ತು. ಭಾಗ್ಯಾಳ ಮುಖ ಕಣ್ಣೆದುರು ಬಂತು. ವಿಜಯಶ್ರೀ ಹೌದೆಂದು ತಲೆಯಾಡಿಸಿದಳು.

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದಳು. ಚಿಕ್ಕಂದಿನಲ್ಲಿ ಕಂಡವರು ಬೇರೆ ಯಾರಾದರೂ ಇದ್ದರೆ ಕರೆತನ್ನಿ ಎಂದು ಹೇಳಿ, ಸದ್ಯಕ್ಕೆ ಹಳೆಯ ಗುಳಿಗೆಯನ್ನೇ ಹೆಚ್ಚಿಸಿ ಬರೆದುಕೊಟ್ಟಳು.

ಮಲ್ಕಮ್ಮ ಕಣ್ಣೊರೆಸಿಕೊಳ್ಳುತ್ತ ಅಫಜಲಪುರದ ಬಸ್ಸು ಹತ್ತಿದಳು. ಶಿವಪ್ರಕಾಶ ಔಷಧದ ಅಂಗಡಿಗೆ ಹೋದ. ಅತ್ತೆ ಸೊಸೆ ಇಬ್ಬರೇ ಉಳಿದರು. ಗುರುಬಾಯಿ ಬಹಳ ಹೊತ್ತು ಏನೋ ಕೂಡಿಸಿ ಕಳೆಯುವವಳಂತೆ ನೆಲ ನೋಡುತ್ತಿದ್ದಳು. ಆಮೇಲೆ ತಲೆಯೆತ್ತಿ, ಸಿಟ್ಟಿಲ್ಲದೆ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ತವರಮನ್ಯಾಗ ಅಷ್ಟು ಚೊಲೋ ಇದ್ದಾಕಿ. ಹಂಗಾದ್ರ ನಮ್ಮನ್ಯಾಗ ಬೇಕಂತನೇ ಮಾಡಾಕತ್ತಿ ಏನ್ ಬೇ?"

ಅಲ್ಲವೆಂದರೆ ಅವ್ವ ಸುಳ್ಳಿಯಾಗುತ್ತಿದ್ದಳು.

"ಹೌದ್ರಿ," ಎಂದಳು ವಿಜಯಶ್ರೀ.